ಮೂರು ಕಚ್ಚಿನ ಗ್ಯಾಸ್ಕೆಟ್

ಬೆಳಕು ಇನ್ನೂ ಬೀದಿಯ ಒಂದು ಬದಿಗಷ್ಟೇ ಇಳಿದಿದೆ. ಬಿಡಿಭಾಗಗಳ ಅಂಗಡಿಯ ಶಟರನ್ನು ಅರ್ಧಕ್ಕೆ ಸರಿಸಿ ಒಳಹೊಕ್ಕ ಹೆಂಗಸು ದೀಪ ಹಾಕುವ ಮೊದಲೇ ಗೋಡೆಯ ಮೊಳೆಗಳತ್ತ ಕೈ ಚಾಚುತ್ತಾರೆ. ಅಲ್ಲಿ ತೂಗುಬಿದ್ದಿರುವುದು ಹೆಡ್ ಗ್ಯಾಸ್ಕೆಟ್‌ಗಳು; ಎಂಜಿನ್ನಿನ ಬ್ಲಾಕಿಗೂ ಅದರ ತಲೆಗೂ ನಡುವೆ ಕೂರುವ, ಮೈತುಂಬ ತೂತುಗಳಿರುವ ತೆಳುಲೋಹದ ಹಾಳೆಗಳು. ಒಂದನ್ನು ಇಳಿಸಿ ಅಂಚಿನ ಮೇಲೆ ಹೆಬ್ಬೆರಳಾಡಿಸುತ್ತಾರೆ. ಅಲ್ಲಿ ಕೊರೆದಿರುವ ಕಚ್ಚುಗಳು ಹಾಳೆಯ ದಪ್ಪವನ್ನು ಹೇಳುತ್ತವೆ. ಒಂದು ಕಚ್ಚಿದ್ದರೆ ತೆಳು, ಎರಡಿದ್ದರೆ ಮಧ್ಯಮ, ಮೂರಿದ್ದರೆ ದಪ್ಪ. ವ್ಯತ್ಯಾಸ ಕೂದಲೆಳೆಯಷ್ಟು. ಎಂಜಿನ್ ಬದುಕುವುದೂ ಸಾಯುವುದೂ ಆ ಎಳೆಯ ಮೇಲೆ.

"ಎಂಜಿನ್ ಒಳಗೆ ಬೆಂಕಿ, ನೀರು, ಎಣ್ಣೆ. ಮೂರು ಓರಗಿತ್ತೀರು ಒಂದೇ ಅಡಿಗೆಮನೇಲಿ ಇದ್ದ ಹಾಗೆ," ಎನ್ನುತ್ತಾರೆ ಅವರು, ದೂಳು ಊದುತ್ತಾ. "ಮಧ್ಯದ ಗೋಡೆ ಗಟ್ಟಿ ಇರೋವರ್ಗೂ ಸಂಸಾರ."

ಬೀದಿಯ ಮೆಕ್ಯಾನಿಕರೆಲ್ಲ ಇವರನ್ನು ಕರೆಯುವುದು ಅತ್ತಿಗೆ ಎಂದೇ. ನಿಜಕ್ಕೂ ಇವರು ಅತ್ತಿಗೆಯಾಗಬೇಕಾದದ್ದು ಒಬ್ಬನಿಗೆ, ಪಕ್ಕದ ಗ್ಯಾರೇಜಿನ ಮೈದುನನಿಗೆ. ಅಂಗಡಿ ಅಣ್ಣತಮ್ಮಂದಿರ ಜಂಟಿ ಸ್ವತ್ತು. ಅಣ್ಣನ ಬೆನ್ನು ಸೋತು ನಿಲ್ಲಲಾಗದೆ ಹೋದಾಗ, ನಾಲ್ಕು ದಿನದ ಮಟ್ಟಿಗೆಂದು ಕೌಂಟರಿನ ಹಿಂದೆ ಕೂತ ಹೆಂಡತಿ ವರ್ಷಗಳುರುಳಿದರೂ ಅಲ್ಲಿಂದ ಎದ್ದಿಲ್ಲ. ಮೊದಮೊದಲು ಗಿರಾಕಿಗಳು "ಅಣ್ಣ ಇಲ್ವಾ?" ಎಂದು ಕೇಳಿ, ಈಗ ಬಂದೆವೆಂದು ಹೊರಟವರು ಹೊರಟೇ ಹೋಗುತ್ತಿದ್ದರು.

"ಬೇಜಾರಿತ್ತು, ಇಲ್ಲ ಅನ್ನಲ್ಲ. ಆದ್ರೆ ಖಾಲಿ ಅಂಗಡೀಲಿ ಏನ್ ಮಾಡ್ಲಿ? ಒಂದೊಂದೇ ಪೊಟ್ಟಣ ಬಿಚ್ಚಿ, ಯಾವುದು ಯಾವುದಕ್ಕೆ ಕೂರುತ್ತೆ ಅಂತ ನೋಡ್ತಾ ಕೂತೆ. ಅವರು ಬರ್ದೆ ಇದ್ದಿದ್ದೇ ನಂಗೆ ಇಸ್ಕೂಲಾಯ್ತು."

ಬೀದಿಗೊಂದು ರೂಢಿಯಿತ್ತು. ಸುಟ್ಟ ಗ್ಯಾಸ್ಕೆಟ್ಟನ್ನು ಕೌಂಟರಿನ ಮೇಲೆ ಎಸೆದು "ಇದರ ಜೋಡಿ ಕೊಡಿ" ಎನ್ನುವುದು. ಕಚ್ಚು ಎಣಿಸಿ ಅಂಥದ್ದೇ ಇನ್ನೊಂದನ್ನು ಕೊಡುವುದು. ಅತ್ತಿಗೆಯೂ ಹಾಗೆಯೇ ಕೊಡುತ್ತಿದ್ದರು, ಗುಡ್ಡದ ಡೀಸೆಲ್ ಟ್ಯಾಕ್ಸಿ ಬರುವವರೆಗೆ.

ಮೇಲಿನ ಹಳ್ಳಿಗಳ ರೋಗಿಗಳನ್ನು ಕೆಳಗಿನ ಆಸ್ಪತ್ರೆಗೆ ತರುವ ಹಳೆಯ ಕಾರು ಅದು. ಮೈದುನ ಹಾಕಿದ ಎರಡು ಗ್ಯಾಸ್ಕೆಟ್‌ಗಳೂ ಬೆನ್ನುಬೆನ್ನಿಗೆ ಸುಟ್ಟವು, ಎರಡೂ ಸಲ ಗುಡ್ಡದೇರಿನ ಒಂದೇ ತಿರುವಿನಲ್ಲಿ. ಮೂರನೆಯ ಸಲ ಒಂದು ಕಚ್ಚಿನ ಆ ಕರಕಲು ಹಾಳೆಯನ್ನು ತಂದು ಕೌಂಟರಿಗೆ ಬಡಿದ ಮೈದುನನ ಮುಖ ಅದಕ್ಕಿಂತ ಕಪ್ಪಾಗಿತ್ತು.

"ನೀವು ಕೊಡೋ ಮಾಲೇ ಸರಿ ಇಲ್ಲ ಅತ್ತಿಗೆ. ಈ ಸಲಾನೂ ಹೋದ್ರೆ ಇಲ್ಲಿ ನಾನು ಕೂತ್ಕೋತೀನಿ. ನೀವು ಮನೆ ನೋಡ್ಕೊಳ್ಳಿ."

"ಕೂತ್ಕೊಳ್ಳಪ್ಪ. ಆದ್ರೆ ಈ ಸಲ ಜೋಡಿ ಕೊಡಲ್ಲ. ಒದೆ ತಿಂದು ಬಂದೋನ ಜಾಗಕ್ಕೆ ಮತ್ತೆ ಅವನ ತಮ್ಮನ್ನೇ ಕಳಿಸ್ಲಾ?"

ಲೇತ್ ಅಂಗಡಿಯಿಂದ, ಕೂದಲೆಳೆಯಷ್ಟು ಎತ್ತರವನ್ನೂ ಅಳೆಯುವ ಡಯಲ್ ಗೇಜನ್ನು ಕೇಳಿ ತಂದು ಅತ್ತಿಗೆ ಸ್ವತಃ ಗ್ಯಾರೇಜಿಗೆ ನಡೆದರು. ತಲೆ ಬಿಚ್ಚಿದ ಎಂಜಿನ್ ಬಾಯ್ದೆರೆದು ಕೂತಿತ್ತು. ಒಂದೊಂದೇ ಪಿಸ್ಟನ್ನನ್ನು ತುತ್ತತುದಿಗೆ ತರಿಸಿ, ಅದು ಬ್ಲಾಕಿನ ಮುಖಕ್ಕಿಂತ ಎಷ್ಟು ಮೇಲೆ ಬರುವುದೆಂದು ಅಳೆದರು. ಎಲ್ಲವೂ ಇರಬೇಕಾದುದಕ್ಕಿಂತ ಎತ್ತರ. ಹಿಂದೆಂದೋ ಯಾರೋ ಬ್ಲಾಕಿನ ಮುಖವನ್ನು ಹೆರೆದಿದ್ದರು. ಹೆರೆದ ಬ್ಲಾಕಿನ ಮೇಲೆ ತೆಳು ಹಾಳೆ ಹಾಕಿದರೆ ಬೆಂಕಿಗೆ ಜಾಗ ಸಾಲದು. ಏರಿನಲ್ಲಿ ಅದು ಹಾಳೆಯನ್ನೇ ಸೀಳಿಕೊಂಡು ಹೊರಬೀಳುತ್ತದೆ.

"ಇದ್ನ ತಗೊಳ್ವಾಗ ಏನ್ ನೋಡಿ ತಗೊಂಡ್ಯಪ್ಪ?" ಎಂದು ಪಕ್ಕದಲ್ಲೇ ನಿಂತಿದ್ದ ಟ್ಯಾಕ್ಸಿ ಡ್ರೈವರನನ್ನು ಕೇಳಿದರು.

"ಸೀಟ್ ಕವರ್ ಹೊಸದಿತ್ತಮ್ಮ," ಎಂದ ಆತ, ನೆಲ ನೋಡುತ್ತಾ.

ಅತ್ತಿಗೆ ಮೂರು ಕಚ್ಚಿನದನ್ನು ತಂದರು. ಪ್ರತಿ ತೂತಿಗೂ ಬ್ಲಾಕಿನ ತೂತು ಕೂಡುವುದನ್ನು ನೋಡಿ, ಇಟ್ಟರು. ಮೈದುನ ತಕರಾರು ಬಿಡಲಿಲ್ಲ. "ಇಷ್ಟು ದಪ್ಪಂದು ಹಾಕಿದ್ರೆ ಗಾಡಿ ಎಳೆಯಲ್ಲ."

"ಎಳೀದಿದ್ರೆ ನಾನೇ ಇಳಿದು ತಳ್ತೀನಿ. ನಡಿ."

ಮೈದುನ ಎಂಜಿನ್ನಿನ ತಲೆ ಬಿಗಿದು ಮುಗಿಸುತ್ತಲೇ, ಮಾತಿಗೆ ತಕ್ಕಂತೆ ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. ಮುಂದೆ ಕೂತ ಮೈದುನನ ಕಣ್ಣು ಬಿಸಿ ತೋರುವ ಮುಳ್ಳಿಗೆ ಅಂಟಿತ್ತು. ಏರು ಶುರುವಾದ ಮೇಲೆ ಮಾತಾಡಿದ್ದು ಎಂಜಿನ್ನೊಂದೇ, ತುಂಬುಗಂಟಲಿನಲ್ಲಿ. ಆ ತಿರುವು ಬಂತು. ಡ್ರೈವರ್ ಗೇರು ಬದಲಿಸಿದ. ತಿರುವು ಹಿಂದಾಯಿತು. ಮುಳ್ಳು ಕದಲಲಿಲ್ಲ.

ನೆತ್ತಿಯಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದರು. ಹಬೆಯಿಲ್ಲ. ನೀರಿನ ಡಬ್ಬಿಯಲ್ಲಿ ಒಂದು ಗುಳ್ಳೆಯೂ ಇಲ್ಲ. ಹಾಳೆ ಕೂತ ಗೆರೆಯುದ್ದಕ್ಕೂ ಲೋಹ ಒಣಗಿದೆ. ಮೈದುನ ಬಗ್ಗಿ ಬಹಳ ಹೊತ್ತು ನೋಡಿದ. ಸೋತದ್ದನ್ನು ಹುಡುಕುವವನಂತೆ ಅಲ್ಲ, ಗೆದ್ದದ್ದನ್ನು ಕಣ್ತುಂಬಿಕೊಳ್ಳುವವನಂತೆ. ಆಮೇಲೆ ಬಾನೆಟ್ ಮುಚ್ಚಿ, ಮುಂದಿನ ಬಾಗಿಲನ್ನು ತೆರೆದು ಹಿಡಿದ.

"ಇಳಿಯುವಾಗ ನೀವು ಮುಂದೆ ಕೂತ್ಕೊಳ್ಳಿ ಅತ್ತಿಗೆ."

ಇಂದು ಈ ಬೀದಿಯಲ್ಲಿ ಜೋಡಿ ಕೇಳುವವರಿಲ್ಲ. ಅಳೆದು ಬರುತ್ತಾರೆ, ಅಳೆಯಲು ಬಾರದವರು ಅತ್ತಿಗೆಯನ್ನೇ ಕರೆದೊಯ್ಯುತ್ತಾರೆ. ಅಪರೂಪಕ್ಕೆ ಹೊಸಬನೊಬ್ಬ "ಅಣ್ಣ ಇಲ್ವಾ?" ಎಂದರೆ ಗ್ಯಾರೇಜಿನೊಳಗಿಂದಲೇ ಮೈದುನನ ದನಿ ಕೇಳುತ್ತದೆ: "ಕಣ್ಣು ಕಾಣಲ್ವಾ? ಅತ್ತಿಗೆ ಕೂತಿಲ್ವಾ ಅಲ್ಲಿ?"

ಟ್ಯಾಕ್ಸಿಯವನು ಒಮ್ಮೆಯಾದರೂ ಬಂದು ಮಾತಾಡಿಸಿ ಹೋದನೇ ಎಂದರೆ ಅತ್ತಿಗೆ ನಗುತ್ತಾರೆ.

"ಆವತ್ತಿಂದ ಈ ಕಡೆ ತಲೆ ಹಾಕಿಲ್ಲ ಪುಣ್ಯಾತ್ಮ. ಬರದೇ ಇರ್ಲಿ. ಮತ್ತೆ ಬರಬಾರ್ದು ಅಂತಾನೇ ಅಲ್ವಾ ಕೊಟ್ಟಿದ್ದು."