ಸ್ಪೀಡ್ ಟೆಸ್ಟ್ ಗೆದ್ದ ನನ್ನ ಗಂಡ

ಗೆಳೆಯರೇ, ಮಗಳ ನರ್ಸಿಂಗ್ ಸೀಟಿಗೆ ಇವತ್ತು ಸಂಜೆ ಐದರೊಳಗೆ ಅಂಕಪಟ್ಟಿ ಅಪ್‌ಲೋಡ್ ಮಾಡಬೇಕಿತ್ತು. ಯಾರ ಸಿಮ್ಮಿನಲ್ಲಿ ಬೇಗ ಹೋಗುತ್ತದೆಂದು ನೋಡಲು ನನ್ನ ಗಂಡ ಮತ್ತು ಅಂಕೋಲೆಯಿಂದ ಬಂದಿದ್ದ ನನ್ನ ತಮ್ಮ ಶೆಟಗೇರಿಯ ನಮ್ಮ ಅಂಗಳದಲ್ಲಿ ಸ್ಪೀಡ್ ಟೆಸ್ಟ್ ಶುರುಮಾಡಿದರು. ಇಬ್ಬರದೂ ಬೇರೆ ಬೇರೆ ಕಂಪನಿ.

“ಭಾವ, ನಂದು ನಲ್ವತ್ತು ಬಂತು ನೋಡಿ.”

“ತಡಿ ಮಾರಾಯ, ಬಾವಿ ಹತ್ರ ಹೋದ್ರೆ ನಂದು ಐವತ್ತು ದಾಟ್ತದೆ.”

ಬಾವಿಕಟ್ಟೆ ಆಯಿತು, ಗೇರುಮರದ ಬುಡ ಆಯಿತು, ಆಮೇಲೆ ತಮ್ಮ ತಾರಸಿಗೂ ಹತ್ತಿದ. ಮಗಳು ಅವರ ಹಿಂದೆಯೇ ಅಲೆಯುತ್ತಿದ್ದಳು. “ಅಪ್ಪಾ, ನಾಲ್ಕೂವರೆ ಆಯ್ತು” ಎನ್ನುವಾಗ ಅವಳಿಗೆ ಅಳುವೇ ಬಂದಿತ್ತು.

ನಾಲ್ಕೂ ಮುಕ್ಕಾಲಿಗೆ ಗಂಡ ಗೆದ್ದರು. ಅಪ್‌ಲೋಡ್ ಒತ್ತಿದರೆ, ಇವತ್ತಿನ ಡೇಟಾ ಮುಗಿದಿದೆ ಎಂಬ ಸಂದೇಶ. ತಮ್ಮನ ಫೋನಿನಲ್ಲೂ ಅದೇ. ಇದ್ದ ಡೇಟಾವನ್ನೆಲ್ಲ ಟೆಸ್ಟೇ ತಿಂದಿತ್ತು.

ಒಳಗಿನಿಂದ ಅತ್ತೆ ತಮ್ಮದೇ ಹಳೆಯ ಫೋನ್ ತಂದು ಮೊಮ್ಮಗಳ ಕೈಗಿಟ್ಟರು. “ನಂದ್ರಲ್ಲಿ ನೋಡೆ. ನಾ ಯಾರಿಗೂ ಏನೂ ಕಳಸೂದಿಲ್ಲ, ನೆಟ್ ಎಲ್ಲ ಹಾಗೇ ಅದೆ.”

ಐದಕ್ಕೆ ಮೂರು ನಿಮಿಷ ಇರುವಾಗ ಅಂಕಪಟ್ಟಿ ಹೋಯಿತು. ಮಗಳು ಅಜ್ಜಿಯನ್ನು ತಬ್ಬಿಕೊಂಡು ಅತ್ತಳು.

ಗಂಡ ಮಾತ್ರ ಇನ್ನೂ ಬೇಸರದಲ್ಲಿದ್ದಾರೆ. ಗೆದ್ದ ಸ್ಕ್ರೀನ್‌ಶಾಟನ್ನು ಸ್ಟೇಟಸ್ಸಿಗೆ ಹಾಕಲು ಅವರು ನಾಳೆಯವರೆಗೆ ಕಾಯಬೇಕಂತೆ.