ಹಿಡಿಕೆಯಿಲ್ಲದ ಗಾಲಿಕುರ್ಚಿ

"ಈ ಕುರ್ಚಿಯಲ್ಲಿ ನೀವು ಎಲ್ಲಿಗೆ ಹೋಗಬೇಕು?" ಎಂದು ಗಾಲಿಕುರ್ಚಿ ಅಂಗಡಿಯ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಾಗ ತಬ್ಬಿಬ್ಬಾದೆ. ಸಿಡ್ನಿಯಲ್ಲಿ ಮನೆ ಹೂಡುವಷ್ಟರಲ್ಲೇ ಬೆನ್ನುಹುರಿಯ ಕಾಯಿಲೆ ನನ್ನ ಕಾಲುಗಳನ್ನು ಕಸಿದುಕೊಂಡಿತ್ತು. ಅಂದಿನಿಂದ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಮ್ಮ ಧಾರವಾಡದಲ್ಲಾಗಿದ್ದರೆ ಪಕ್ಕದಲ್ಲಿ ನಿಂತ ಗಂಡನನ್ನು ಕೇಳುತ್ತಿದ್ದರು.

ಗಂಡ ಶ್ರೀಪಾದರೇ ಮೊದಲು ಬಾಯಿ ತೆರೆದರು. "ಸಣ್ಣ ಗಾಲೀದು ಸಾಕಲ್ಲ? ನಾ ತಳ್ಳತೇನಿ."

"ನೀವು ಆಫೀಸಿಗೆ ಹೋದಮ್ಯಾಲೆ ಯಾರು ತಳ್ಳಬೇಕ್ರಿ?"

ಅವರು ಸಣ್ಣ ಗಾಲಿಯ ಕುರ್ಚಿಯನ್ನು ಬದಿಗೆ ಸರಿಸಿದರು. ನಾನು ದೊಡ್ಡ ಗಾಲಿಯದನ್ನು, ಅಂದರೆ ಗಾಲಿಯ ಹೊರಗಿನ ಬಳೆಯನ್ನು ಹಿಡಿದು ನಾವೇ ಉರುಳಿಸಿಕೊಳ್ಳುವಂಥದನ್ನು ಆರಿಸಿದೆ. ಹಿಂದೆ ತಳ್ಳುವ ಹಿಡಿಕೆ ಬೇಕೇ ಎಂದು ಹುಡುಗಿ ಕೇಳಿದಳು. ಬೇಡವೆಂದೆ.

ಗಿರಾವೀನ್ ಬಡಾವಣೆಯ ನಮ್ಮ ಮನೆಯಿಂದ ಒಬ್ಬಳೇ ಹೊರಟ ಬೆಳಿಗ್ಗೆ ಕೈಗೆ ರೆಕ್ಕೆ ಬಂದಂತಿತ್ತು. ಫುಟ್‌ಪಾತಿನ ಮೂಲೆಗಳೆಲ್ಲ ಇಳಿಜಾರಾಗಿದ್ದವು. ಸ್ಟೇಷನ್ನಿನಲ್ಲಿ ಲಿಫ್ಟ್ ಇತ್ತು. ರೈಲಿಗೆ ಹತ್ತಲು ಸಿಬ್ಬಂದಿ ಹಲಗೆ ಹಾಸಿದರು. ನಮ್ಮ ದೇಶದವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕ್ ಬಡಾವಣೆಯ ಕಿರಾಣಿ ಅಂಗಡಿಯಲ್ಲಿ ಮೆಂತ್ಯೆ ಸೊಪ್ಪನ್ನು ನಾನೇ ಮುಟ್ಟಿ, ಮೂಸಿ ಆರಿಸಬೇಕೆಂದಿದ್ದೆ. ಬಾಗಿಲಲ್ಲಿ ಒಂದೇ ಒಂದು ಮೆಟ್ಟಿಲಿತ್ತು.

"ಆಂಟಿ, ಅಲ್ಲೇ ಇರಿ, ತಂದುಕೊಡುತ್ತೇನೆ," ಎಂದು ಅಂಗಡಿಯವನು ಹಿಂದಿಯಲ್ಲಿ ಕೂಗಿದ. ಒಳ್ಳೆಯ ಮನುಷ್ಯ. ಅವನು ತಂದ ಕಟ್ಟು ಬಾಡಿತ್ತು. ದುಡ್ಡು ಕೊಟ್ಟು ತೆಗೆದುಕೊಂಡೆ.

ವಾಪಸು ಬರುವಾಗ ನಮ್ಮ ಬೀದಿಯ ಏರಿನಲ್ಲಿ ಎಡಭುಜ ಹಿಡಿದುಕೊಂಡಿತು. ಬಳೆ ಬಿಟ್ಟರೆ ಕುರ್ಚಿ ಹಿಂದಕ್ಕೆ ಜಾರುತ್ತಿತ್ತು. ಬ್ರೇಕ್ ಹಾಕಿ ಶ್ರೀಪಾದರಿಗೆ ಫೋನ್ ಮಾಡಿದೆ. ಊರಿನ ಇನ್ನೊಂದು ಬದಿಯ ಚಾಟ್ಸ್‌ವುಡ್‌ನ ಆಫೀಸಿನಿಂದ ಅವರು ಬರುವವರೆಗೆ ಬಿಸಿಲಲ್ಲಿ ಕುಳಿತಿದ್ದೆ. ಹಿಡಿಕೆಯಿಲ್ಲದ ಕುರ್ಚಿಯನ್ನು ಅವರು ಸೊಂಟ ಬಗ್ಗಿಸಿ, ಬೆನ್ನಾನಿಕೆಗೆ ಕೈಕೊಟ್ಟು ತಳ್ಳಿದರು.

ಭುಜದ ಸ್ನಾಯು ಹರಿದಿದೆ ಎಂದರು ಡಾಕ್ಟರು. ಹೀಗೇ ಉರುಳಿಸುತ್ತಿದ್ದರೆ ಊಟಕ್ಕೆ ಕೈಯೆತ್ತುವುದೂ ಕಷ್ಟವಾಗುತ್ತದಂತೆ. ಈಗ ಕುರ್ಚಿ ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಕಿಟಕಿಗೆ ಹೋಗುತ್ತದೆ, ಅಷ್ಟೆ.

ಮೊನ್ನೆ ಅಕ್ಕ ಧಾರವಾಡದಿಂದ ವಿಡಿಯೋ ಕಾಲ್ ಮಾಡಿದ್ದಳು. "ಬಂದಬಿಡವಾ ನೀ. ಪಾವಟಿಗಿ ಇದ್ರೇನಾತು, ನಾಕು ಮಂದಿ ಎತ್ತಿ ಒಳಗ ತರತೇವಿ. ಕುರ್ಚಿ ಯಾತಕ್ಕ ಬೇಕು?"

ಪಾವಟಿಗೆ ಎಂದರೆ ನಮ್ಮ ಕಡೆ ಮೆಟ್ಟಿಲು. ಅಲ್ಲಿ ಬಾಗಿಲು ಬಾಗಿಲಿಗೂ ಅವಿವೆ, ಎತ್ತಲು ಕೈಗಳೂ ಇವೆ. ಇಲ್ಲಿ ನುಣ್ಣನೆಯ ಹಾದಿಯಿದೆ. ಅದರ ತುದಿಯಲ್ಲಿ ನನಗಾಗಿ ಕಾಯುವವರಿಲ್ಲ.

"ಯಾರೂ ಎತ್ತಬಾರದಂತನ ಇದನ್ನ ತಗೊಂಡಿದ್ದೆ, ಅಕ್ಕಾ."

ಅವಳಿಗೆ ನೋವಾಯಿತೇನೋ, ಮುಖ ತಿರುಗಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಹಂಗಾರ ನೀ ಎಲ್ಲಿರಾಕಿ?"

ನಾನು ಬಲಗೈಯಿಂದ ಬಳೆ ಹಿಡಿದು ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿದೆ. ಹೊರಗೆ ನಮ್ಮ ಬೀದಿಯ ಏರು ಕಾಣುತ್ತಿತ್ತು.