ಒಡವೆ ಬಿಚ್ಚಿಟ್ಟ ಮುಖ

ನನಗೆ ಮೂಗಿನ ತುದಿಯಲ್ಲೇ ಕೋಪ. ಬೆಸುಗೆ ಚೂರು ಸರಿದರೆ ಸಾಕು, ಚಿಮಟವನ್ನು ಗೋಡೆಗೆ ಎಸೆಯುತ್ತಿದ್ದೆ. ಪಟ್ಟಣದ ಅಕ್ಕಸಾಲಿಗರ ಬೀದಿಯಲ್ಲಿ ನಮ್ಮ ಮನೆ ಗೋಡೆಗಿದ್ದಷ್ಟು ಗುಳಿ ಕೋಟೆಗೂ ಇರಲಿಲ್ಲ, ಆಗಿನ್ನೂ.

ಅಪ್ಪ ಬೈದು ಬೈದು ಸುಸ್ತಾಗಿದ್ದ. ಅವ್ವ ಬೈಯಲಿಲ್ಲ, ಒಂದು ಹಳೆಯ ಕಡತ ತಂದು ಮುಂದಿಟ್ಟಳು. ಮಸಿ ಬಳಿದ ದಪ್ಪ ಬಟ್ಟೆಯ ಮಡಿಕೆ ಅದು. ಬಳಪದಲ್ಲಿ ಬರೆದು, ಒರೆಸಿ, ಮತ್ತೆ ಬರೆಯಬಹುದು. ದಿನಾ ಅಗ್ಗಿಷ್ಟಿಕೆ ಹೊತ್ತಿಸುವ ಮೊದಲು ಎದುರಿಗಿರುವ ಯಾವುದಾದರೊಂದರ ಚಿತ್ರ ಬರೆಯಬೇಕು, ಕೆಲಸ ಆಮೇಲೆ ಎಂದಳು.

"ತಲೆ ಒಳಗಿಂದು ಬರೀಬ್ಯಾಡ. ಕಣ್ ಮುಂದಿಂದು ಬರಿ." ಅವಳದು ಅದೊಂದೇ ಕಟ್ಟಳೆ.

ಮೊದಲ ದಿನ ಚೆಂಬು ಬರೆದೆ. ಹುಟ್ಟಿದಾಗಿನಿಂದ ನೀರು ಕುಡಿದ ಚೆಂಬು. ಅದರ ಕಂಠ ಒಂದು ಕಡೆ ವಾಲಿದೆಯೆಂದು ಅಂದೇ ಗೊತ್ತಾದದ್ದು. ಮಾರನೆಯ ದಿನ ಊದುಗೊಳವೆ, ಆಮೇಲೆ ಬಾಗಿಲ ಅಗುಳಿ, ಬಿಸಿಲಿಗೆ ಮಲಗಿದ ಬೆಕ್ಕು. ಬೆಕ್ಕು ಮಾತ್ರ ಅರ್ಧಕ್ಕೇ ಎದ್ದು ಹೋಗಿ ನನ್ನ ಹಳೆಯ ಕೋಪವನ್ನು ಕೆಣಕಿತು. ಉಳಿದಂತೆ, ನೋಡುತ್ತ ಕೂತರೆ ಉಸಿರು ತಾನಾಗಿಯೇ ನಿಧಾನವಾಗುತ್ತಿತ್ತು. ಜಪ ಮಾಡುವವರಿಗೆ ಸಿಗುವುದೂ ಇದೇ ಇರಬೇಕೆಂದು ತೀರ್ಮಾನಿಸಿಬಿಟ್ಟೆ. ಜಪ ಮಾಡಿ ಗೊತ್ತಿರಲಿಲ್ಲ, ಆ ಮಾತು ಬೇರೆ.

ಜಂಬ ಬಂತು. ಅವ್ವನನ್ನೇ ಕೂರಿಸಿ ಬರೆದೆ. ಬುಗುಡಿ, ಓಲೆ, ಮೂಗುಬೊಟ್ಟಿನ ಏಳು ಕಲ್ಲು, ಒಂದನ್ನೂ ಬಿಡಲಿಲ್ಲ. ಅವಳು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಡವೆಗಳ ನಡುವೆ ಇದ್ದ ಮುಖ ನಮ್ಮ ಬೀದಿಯ ಯಾವ ಹೆಂಗಸಿಗಾದರೂ ಹೊಂದುತ್ತಿತ್ತು. ಅಕ್ಕಸಾಲಿಗನ ಕಣ್ಣು, ಏನು ಮಾಡುವುದು? ಸಿಟ್ಟಿನಿಂದ ಒರೆಸಿಹಾಕಿದೆ.

ಆ ವರ್ಷವೇ ಅತ್ತಿಕುಪ್ಪೆಯಲ್ಲಿದ್ದ ಅಕ್ಕನಿಗೆ ದಿನ ತುಂಬಿತು. ಪಟ್ಟಣದ ಮೇಲೆ ದಂಡು ಬರುತ್ತದೆಂಬ ಸುದ್ದಿಯಿಂದಾಗಿ ಅವಳನ್ನು ತವರಿಗೆ ಕರೆಸುವಂತಿರಲಿಲ್ಲ, ಅವ್ವನೇ ಹೊರಟಳು. ಅರಮನೆಯ ಕೆಲಸ ಬಿಟ್ಟು ಅಪ್ಪನೂ ನಾನೂ ಹೋಗುವಂತಿರಲಿಲ್ಲ. ದಾರಿಯ ಭಯಕ್ಕೆ ಅವಳು ಒಡವೆಯೆಲ್ಲ ಬಿಚ್ಚಿಟ್ಟು, ಮೂಗಿಗೆ ಬೇವಿನ ಕಡ್ಡಿ, ಕಿವಿಗೆ ಓಲೆಗರಿಯ ಸುರುಳಿ ಸಿಕ್ಕಿಸಿಕೊಂಡು ಜಗಲಿಗೆ ಬಂದಳು. ಯಾರೋ ಬಂದರು ಅಂದುಕೊಂಡೆ. ಹೆತ್ತವಳ ಮುಖವೇ ನನಗೆ ಗೊತ್ತಿಲ್ಲವಲ್ಲ, ಇವಳು ತಿರುಗಿ ಬಾರದಿದ್ದರೆ ನಾನು ನೆನೆಯುವುದು ಏನನ್ನು? ಗಾಡಿ ನಿಲ್ಲಿಸಿ ಬರೆಯಲು ಕೂತೆ. ಬಲ ಹುಬ್ಬಿನ ಮೇಲೆ ಸುಟ್ಟ ಕಲೆ, ಜೋತುಬಿದ್ದ ಕಿವಿ, ನಗದಿದ್ದರೂ ನಕ್ಕಂತಿರುವ ಮೇಲ್ದುಟಿ. ಗಾಡಿಯವನು ಗೊಣಗುತ್ತಿದ್ದ. ಅವ್ವ ಅಲುಗಲಿಲ್ಲ.

ಅವಳು ಹೋದ ಮೇಲೆ ಮುತ್ತಿಗೆ ಬಿತ್ತು, ದಾರಿ ಮುಚ್ಚಿತು. ಗುಂಡಿನ ಸದ್ದಿಗೆ ಮಾಡಿನ ಮಣ್ಣು ಉದುರುತ್ತಿತ್ತು. ಅವ್ವನ ಸುದ್ದಿಯೇ ಇಲ್ಲ. ಬಳಪದ ಗೆರೆ ಮಾಸಿದಂತೆಲ್ಲ ದಿನಾ ಬೆಳಿಗ್ಗೆ ಅದರ ಮೇಲೇ ತಿದ್ದುತ್ತಿದ್ದೆ. ಬೇರೆ ಏನನ್ನೂ ಬರೆಯಲಿಲ್ಲ. ಕಟ್ಟಳೆ ಮುರಿಯುತ್ತಿದ್ದೇನೆಂದು ಹೊಳೆಯಲೂ ಇಲ್ಲ.

ದಂಡು ತೊಲಗಿ ದಾರಿ ತೆರೆದ ಮೇಲೆ ಅವ್ವ ಬಂದಳು, ಮೊಮ್ಮಗಳು ಹುಟ್ಟಿದ ಸುದ್ದಿ ಹೊತ್ತುಕೊಂಡು. ಗಾಡಿ ಇಳಿಯುವ ಮೊದಲೇ ಕಡತ ಬಿಚ್ಚಿ ಹಿಡಿದೆ, ಒಂದು ಗೆರೆಯೂ ಅಳಿಯದಂತೆ ಕಾಪಾಡಿದ್ದೇನೆ ಎಂದು ಹೇಳಿಕೊಂಡೆ. ಅವಳು ಬಹಳ ಹೊತ್ತು ನೋಡಿದಳು.

"ಇದು ಹೋದೋಳು ಕಣ್ಲಾ," ಅಂದಳು. "ಬಂದೋಳು ಇಲ್ಲಿ ಅವ್ಳೆ, ನೋಡು."

ನೋಡಿದೆ. ಕೆನ್ನೆ ಒಳಕ್ಕೆ ಹೋಗಿತ್ತು. ಮುಂದಿನ ಎರಡು ಹಲ್ಲು ಇರಲಿಲ್ಲ. ಅಳು ಬಂತು, ತಡೆಯಲಿಲ್ಲ. ಅಷ್ಟು ದಿನ ಕಾಪಾಡಿದ್ದ ಮುಖವನ್ನು ಅಂಗೈಯಿಂದ ಒರೆಸಿ, ಅವಳನ್ನು ಜಗಲಿಯ ಮೇಲೆ ಕೂರಿಸಿ, ಬಳಪ ತೆಗೆದುಕೊಂಡೆ. ಅವತ್ತು ಅಗ್ಗಿಷ್ಟಿಕೆ ಹೊತ್ತಿಸುವಾಗ ಮಧ್ಯಾಹ್ನವಾಗಿತ್ತು.